ಕೌದಿಯ ಹೊಟ್ಟೆಗೆ ಕೊಬ್ಬರಿ

ಶೆಟ್ಟಿಕೆರೆಯ ಕಡೆಯಿಂದ ತೆಂಗಿನ ತೋಟಗಳ ನಡುವೆ ನಡೆದು ಬರುವವರಿಗೆ ಮೊದಲು ಸಿಗುವುದು ವನಜಾಕ್ಷಿಯ ಧ್ವನಿ, ಮನೆ ಸಿಗುವುದು ಆಮೇಲೆ. ಕಾಯಿ ಸುಲಿಯುವವರಿಗೆ ಬುದ್ಧಿಮಾತು, ತೋಟಕ್ಕೆ ಮೇಕೆ ಬಿಟ್ಟವರಿಗೆ ಬೈಗುಳ, ದಾರಿಹೋಕರಿಗೆ ಕಾಫಿಗೆ ಕರೆ, ಇವೆಲ್ಲ ಒಂದೇ ಉಸಿರಿನಲ್ಲಿ ಬರುವುದರಿಂದ ಯಾರಿಗೆ ಯಾವುದು ಎಂದು ತಿಳಿಯಲು ಹೊಸಬರಿಗೆ ಸ್ವಲ್ಪ ಹೊತ್ತು ಬೇಕು. ಮೇಕೆಯವರು ಕಾಫಿ ಕುಡಿದು ಹೋಗಿದ್ದೂ ಉಂಟು, ಕಾಫಿಗೆ ಬಂದವರು ಬೈಸಿಕೊಂಡು ಹೋಗಿದ್ದೂ ಉಂಟು. ಐವತ್ತು ದಾಟಿದ ಹೆಂಗಸು. ತವರು ತುರುವೇಕೆರೆಯ ಹತ್ತಿರ. ನಿಂತರೆ ಕೂರಲಾರಳು, ಕೂತರೆ ಸುಮ್ಮನಿರಲಾರಳು.

ಅವಳ ಕೈಕೆಲಸ ಎಂದರೆ ಊರಿಗೆಲ್ಲ ಗೊತ್ತಿದ್ದದ್ದು ಒಂದೇ, ಚೀಲ ಹೊಲಿಯುವುದು. ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿದ ಕಾಯಿ ಇಳಿಸಿ, ಸುಲಿದು, ಒಡೆದು, ಕೊಬ್ಬರಿಯನ್ನು ಚೀಲಕ್ಕೆ ತುಂಬಿದ ಮೇಲೆ ಗಂಡ ಗಂಗಾಧರಯ್ಯ ತಾನಾಗಿ ಪಕ್ಕಕ್ಕೆ ಸರಿದು ನಿಲ್ಲುತ್ತಾನೆ. ವನಜಾಕ್ಷಿ ದಬ್ಬಣಕ್ಕೆ ಹುರಿ ಪೋಣಿಸಿ, ಮಂಡಿಯಿಂದ ಚೀಲವನ್ನು ಒತ್ತಿ ಹಿಡಿದು, ಚೋಟುದ್ದಕ್ಕೊಂದು ಹೊಲಿಗೆ ಎಳೆದಳೆಂದರೆ ತಿಪಟೂರಿನ ಮಾರ್ಕೆಟ್ಟಿನಲ್ಲಿ ಅದನ್ನು ಬಿಚ್ಚುವ ಹಮಾಲರು ಅವಳ ಹೆಸರು ಹಿಡಿದು ನೆನೆಯುತ್ತಾರೆ. ಒಳ್ಳೆಯ ಮಾತಿನಲ್ಲೇ ನೆನೆಯುತ್ತಾರೆಂದು ಹೇಳಲಾಗದು. ಈ ಹೆಗ್ಗಳಿಕೆಯೇ ಅವಳಿಗೆ ಕೌದಿಯ ವಿಷಯದಲ್ಲಿ ಮುಳುವಾಯಿತು.

ಕೌದಿ ಅಂದರೆ ಆ ಊರಿನಲ್ಲಿ ವನಜಾಕ್ಷಿಯ ಅತ್ತೆ ಬೋರಮ್ಮ. ಕೆಂಕೆರೆಯಿಂದ ಈ ಮನೆಗೆ ಸೊಸೆಯಾಗಿ ಬರುವಾಗ ಬೋರಮ್ಮ ತಂದದ್ದು ಒಂದು ಹಿತ್ತಾಳೆ ಕೊಳಗ ಮತ್ತು ಸುತ್ತಿನ ಕೌದಿ ಹೊಲಿಯುವ ಕೈ. ಕೊಳಗ ಎಂದೋ ತೂತು ಬಿತ್ತು. ಕೈ ಮಾತ್ರ ಊರಿಡೀ ಹೆಸರಾಯಿತು. ಹಳೆಯ ಸೀರೆ, ಪಂಚೆಗಳನ್ನು ಪಟ್ಟಿ ಪಟ್ಟಿಯಾಗಿ ಹರಿದು, ಹೊರಗಿನ ಅಂಚಿನಿಂದ ಶುರುಮಾಡಿ, ಒಂದು ಪಟ್ಟಿಯ ಒಳಮಗ್ಗುಲಿಗೆ ಇನ್ನೊಂದನ್ನು ಸೇರಿಸುತ್ತ, ಸುತ್ತುತ್ತ ಸುತ್ತುತ್ತ ಒಳಕ್ಕೆ ಬಂದು, ನಡುವೆ ಅಂಗೈಯಗಲದ ಒಂದು ಚೌಕಕ್ಕೆ ಮುಗಿಸುವುದೇ ಸುತ್ತಿನ ಕೌದಿ. ಆ ಚೌಕಕ್ಕೆ ಬೋರಮ್ಮನ ಬಾಯಲ್ಲಿ ‘ಹೊಟ್ಟೆ’ ಎಂದು ಹೆಸರು. ಊರಿನ ಅರ್ಧಕ್ಕರ್ಧ ಜನ ಬೋರಮ್ಮನ ಕೌದಿಯ ಹೊಟ್ಟೆಯ ಮೇಲೆ ಮಲಗಿ, ಅದನ್ನು ಒದ್ದೆ ಮಾಡಿ ದೊಡ್ಡವರಾದವರು. ಈಗ ಬೋರಮ್ಮನಿಗೆ ಎಂಬತ್ತರ ಹತ್ತಿರ. ಕಣ್ಣಿನ ಪೊರೆ ತೆಗೆಸಿದ ಮೇಲೆ ತೋಟದ ಆ ತುದಿಯ ಮರದಲ್ಲಿ ಗೊನೆ ಬಾಗಿದ್ದು ಕಾಣುತ್ತದೆ, ಕೈಯಲ್ಲಿರುವ ಸೂಜಿ ಕಾಣುವುದಿಲ್ಲ. ಬೆರಳುಗಳೂ ಮೊದಲಿನಂತೆ ಬಾಗುವುದಿಲ್ಲ. ಹೊಲಿಯುವುದು ಬಿಟ್ಟು ವರ್ಷಗಳಾದವು.

ಬೋರಮ್ಮನಿಗೆ ಇನ್ನೊಂದು ವಿಶೇಷವಿತ್ತು. ಸೊಸೆಯ ಯಾವ ಕೆಲಸವನ್ನೂ ಅವಳು ಇಲ್ಲಿಯವರೆಗೆ ಚೆನ್ನಾಗಿದೆ ಎಂದವಳಲ್ಲ. ಕೆಟ್ಟದ್ದು ಎನ್ನುತ್ತಿದ್ದಳೇ ಎಂದರೆ ಅದೂ ಇಲ್ಲ. ಬಸ್ಸಾರು ಮಾಡಿ ಬಡಿಸಿದರೆ ‘ಬಿಸಿ ಐತೆ’. ಮನೆಗೆ ಹೊಸದಾಗಿ ಬಣ್ಣ ಹೊಡೆಸಿದರೆ ‘ಗೋಡೆ ಕಾಣ್ತೈತೆ’. ರಂಗೋಲಿ ಸ್ಪರ್ಧೆಯಲ್ಲಿ ಎರಡನೇ ಬಹುಮಾನವೆಂದು ವನಜಾಕ್ಷಿ ಸ್ಟೀಲ್ ಡಬ್ಬಿ ಹಿಡಿದು ಕುಣಿಯುತ್ತ ಬಂದಾಗ, ಎಷ್ಟು ಜನ ಸೇರಿದ್ದರು ಎಂದಷ್ಟೇ ಕೇಳಿದ್ದಳು. ಮೂರೇ ಜನ ಸೇರಿದ್ದರು, ಆದರೆ ಅದು ಕೇಳುವ ಪ್ರಶ್ನೆಯೇ? ಮದುವೆಯಾಗಿ ಇಪ್ಪತ್ತೈದು ವರ್ಷ ದಾಟಿದರೂ ಅತ್ತೆಯ ಬಾಯಿಂದ ‘ಚೆನ್ನಾಗೈತೆ’ ಎಂಬ ಒಂದು ಮಾತು ಬೀಳಲಿಲ್ಲ. ವನಜಾಕ್ಷಿ ಇದನ್ನು ತಮಾಷೆ ಮಾಡಿ, ಅತ್ತೆಯ ದನಿಯನ್ನೇ ಅಣಕಿಸಿ ಎಲ್ಲರನ್ನೂ ನಗಿಸುತ್ತಿದ್ದಳು. ಆದರೆ ಅದು ಅವಳಿಗೆ ನೋವೇ. ಊರೆಲ್ಲ ಹೊಗಳಿದರೂ ಆ ಒಂದು ಬಾಯಿ ಹೊಗಳದಿದ್ದರೆ ಊಟದಲ್ಲಿ ಉಪ್ಪಿಲ್ಲದಂತೆ ಅವಳಿಗೆ ಏನೋ ಕಡಿಮೆ.

ಹೀಗಿರುವಾಗ ಅಂಗನವಾಡಿ ಟೀಚರ್ ನಯನ ಮಹಿಳಾ ಸಂಘದ ಸಭೆಯಲ್ಲಿ ಫೋನು ಹಿಡಿದು ಒಂದು ವಿಡಿಯೋ ತೋರಿಸಿದಳು. ಎಲ್ಲಿಯೋ ದೂರದೇಶದ ಹೆಂಗಸರು ಪುಟ್ಟ ಪುಟ್ಟ ಕೌದಿಗಳನ್ನು ಹೊಲಿದು, ಯಾರು ಹೊಲಿದದ್ದು ಎಂದು ಹೇಳದೆ, ಚೀಟಿ ಎತ್ತಿ ಅದಲುಬದಲು ಮಾಡಿಕೊಳ್ಳುತ್ತಾರಂತೆ. ನಾವೂ ಮಾಡೋಣ ಎಂದಳು ನಯನ. ಕೌದಿ ಮಗು ಮಲಗುವಷ್ಟು ಇದ್ದರೆ ಸಾಕು. ಬಟ್ಟೆ ಮನೆಯಲ್ಲಿರುವ ಹಳೆಯದೇ ಆಗಬೇಕು. ಯಾರದೆಂದು ಗುಟ್ಟಾಗಿರಬೇಕು, ಮತ್ತು ಯಾರೂ ತಮ್ಮ ಮನೆಯ ಕೌದಿಯನ್ನು ತಾವೇ ತೆಗೆದುಕೊಂಡು ಹೋಗುವಂತಿಲ್ಲ.

ಎಲ್ಲರಿಗೂ ಹಿಡಿಸಿತು. ಸಂಘದ ಕಾರ್ಯದರ್ಶಿ ನಿರ್ಮಲಾ ಮಾತ್ರ ಗುಟ್ಟು ಎಂಬಲ್ಲಿಗೆ ನಕ್ಕಳು. ಅವಳು ನಕ್ಕಿದ್ದರಲ್ಲಿ ತಪ್ಪಿಲ್ಲ. ಈ ಊರಿನಲ್ಲಿ ಒಬ್ಬಳ ಸೀರೆ ಅಂಗಡಿಯಿಂದ ಮನೆಗೆ ಬರುವಷ್ಟರಲ್ಲೇ ಅದರ ಸೆರಗು, ಅಂಚು, ಬೆಲೆ, ಕೊಡಿಸಿದವರು ಯಾರು, ಎಷ್ಟು ದಿನ ಮುನಿಸಿಕೊಂಡು ಕೊಡಿಸಿಕೊಂಡದ್ದು ಎಲ್ಲವೂ ಪ್ರಚಾರವಾಗಿರುತ್ತದೆ. ಅಂಥ ಸೀರೆಯನ್ನು ಹರಿದು ಪಟ್ಟಿ ಮಾಡಿದರೆ ಗುರುತು ಸಿಗದೆ ಹೋದೀತೇ? ನಯನ ಮೈಸೂರು ಕಡೆಯಿಂದ ಬಂದವಳು, ಪಾಪ, ಅವಳಿಗೆ ಇದು ತಿಳಿಯದು.

ಯಾರು ಯಾವ ನಮೂನೆ ಹೊಲಿಯುತ್ತೀರಿ ಎಂದು ನಯನ ಕೇಳಿದಳು. ಬೇರೆಯವರು ಯೋಚಿಸುತ್ತಿದ್ದರು. ವನಜಾಕ್ಷಿಗೆ ಯೋಚಿಸುವ ರೂಢಿಯಿಲ್ಲ. ತಾನು ಸುತ್ತಿನ ಕೌದಿಯನ್ನೇ ಹೊಲಿಯುವುದಾಗಿ ಘೋಷಿಸಿಬಿಟ್ಟಳು. ಅವಳು ದಬ್ಬಣ ಬಿಟ್ಟು ಸೂಜಿ ಹಿಡಿದವಳಲ್ಲ ಎಂಬುದು ಅಲ್ಲಿ ಎಲ್ಲರಿಗೂ ಗೊತ್ತಿತ್ತು. ಮನೆಗೆ ಬರುವ ದಾರಿಯಲ್ಲಿ ಅವಳಿಗೂ ನೆನಪಾಯಿತು. ಆದರೆ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ಜಾಯಮಾನ ಅವಳದಲ್ಲ. ಮನೆಗೆ ಬಂದವಳೇ ಗಂಡನ ಮುಂದೆ ನಿಂತಳು.

‘ಈ ಸಲ ನಿಮ್ಮವ್ವನ ಬಾಯಲ್ಲಿ ಚೆನ್ನಾಗೈತೆ ಅನ್ನಿಸ್ದೆ ಇದ್ರೆ ನನ್ನ ಹೆಸ್ರು ವನಜಾಕ್ಷಿನೇ ಅಲ್ಲ ಕಣ್ರೀ.’

ಗಂಗಾಧರಯ್ಯ ದಿನಕ್ಕೆ ಹತ್ತು ಮಾತಿಗಿಂತ ಹೆಚ್ಚು ಆಡುವವನಲ್ಲ. ಮನೆಯ ಪಾಲಿನ ಮಾತನ್ನೆಲ್ಲ ಹೆಂಡತಿ ಆಡಿ ಮುಗಿಸುವುದರಿಂದ ಅವನಿಗೆ ಉಳಿಯುವುದೂ ಅಷ್ಟೇ. ಅವನು ಹಲ್ಲುಕಡ್ಡಿ ತೆಗೆದು ನಿಧಾನವಾಗಿ, ‘ಹೊಸ ಹೆಸ್ರು ಯಾವ್ದು ಅಂತ ಈಗ್ಲೇ ನೋಡ್ಕಂಡಿರು,’ ಅಂದ.

ಬೋರಮ್ಮ ಪಡಸಾಲೆಯ ಮಂಚದ ಮೇಲೆ ಕೂತು ಎಲ್ಲ ಕೇಳಿಸಿಕೊಂಡಿದ್ದಳು. ಸುತ್ತಿನ ಕೌದಿ ಕಲಿಸಿಕೊಡಿ ಎಂದು ಸೊಸೆ ಬಂದು ಕೂತಾಗ ಮೊದಲಿಗೆ ಮುಖ ತಿರುಗಿಸಿದಳು. ಫೋನಿನಲ್ಲಿ ನೋಡಿ ಹೊಲಿಯಲು ಹೇಳಿದಳು. ವನಜಾಕ್ಷಿ ಏನು ಕಡಿಮೆಯವಳೇ, ಫೋನಿನಲ್ಲಿರುವವರು ನಡುವಿನಿಂದ ಶುರುಮಾಡಿ ಹೊರಕ್ಕೆ ಹೋಗುತ್ತಾರೆ, ಅದೇ ಸುಲಭವಂತೆ, ತಾನೂ ಹಾಗೇ ಮಾಡುವೆ ಎಂದು ಏಳುವವಳಂತೆ ಮಾಡಿದಳು. ಅದು ಬೋರಮ್ಮನಿಗೆ ತಡೆಯಲಾಗಲಿಲ್ಲ. ಮೊದಲು ಬದು ಹಾಕಬೇಕು, ಆಮೇಲೆ ಹೊಲ ಮಾಡಬೇಕು, ನಡುವಿನಿಂದ ಯಾರಾದರೂ ಉಳುಮೆ ಶುರುಮಾಡುತ್ತಾರೆಯೇ ಎಂದು ಗದರಿದಳು. ಗದರುತ್ತಲೇ ಸೊಸೆಯ ಕೈಯಲ್ಲಿದ್ದ ಬಟ್ಟೆಯ ಗಂಟನ್ನು ಎಳೆದುಕೊಂಡಳು. ಪಾಠ ಶುರುವಾಯಿತು.

ಗುಟ್ಟು ಕಾಪಾಡಲೆಂದು ವನಜಾಕ್ಷಿ ಬಟ್ಟೆಯನ್ನು ಆರಿಸಿದ್ದಳು. ತವರಿನವರು ಕೊಟ್ಟು ಕಳಿಸಿ, ಈ ಊರಿನಲ್ಲಿ ಒಂದು ದಿನವೂ ಉಡದೆ ಪೆಟ್ಟಿಗೆಯಲ್ಲೇ ಹಳತಾದ ಎರಡು ಸೀರೆ, ಬಣ್ಣ ಹೋಗಿ ಯಾರದೆಂದು ಹೇಳಲಾಗದಂತಾದ ಒಂದು ಲುಂಗಿ, ಬಿಳಿ ಪಂಚೆ. ಬಿಳಿ ಪಂಚೆ ಯಾವ ಮನೆಯಲ್ಲಿಲ್ಲ? ಈ ಜಾಣತನಕ್ಕೆ ತನ್ನನ್ನು ತಾನೇ ಮೆಚ್ಚಿಕೊಂಡಳು.

ಮೊದಲ ಸುತ್ತನ್ನು ಅವಳು ಒಂದು ಮಧ್ಯಾಹ್ನದಲ್ಲಿ ಹೊಲಿದು ಮುಗಿಸಿ ಗೆದ್ದವಳಂತೆ ಅತ್ತೆಯ ಮಡಿಲಿಗೆ ಹಾಕಿದಳು. ಬೋರಮ್ಮ ಅದನ್ನು ನೋಡಲಿಲ್ಲ. ತೋರುಬೆರಳನ್ನು ಹೊಲಿಗೆಯ ಮೇಲೆ ಇಟ್ಟು ನಿಧಾನವಾಗಿ ಎಳೆದಳು. ಒಂದು ಹೊಲಿಗೆಯಿಂದ ಇನ್ನೊಂದಕ್ಕೆ ಬೆರಳು ಬಸ್ಸು ಹಿಡಿದು ಹೋಗಬೇಕಾಗಿತ್ತು, ಅಷ್ಟು ದೂರ.

‘ಯಾವ ಲಾರಿಗೆ ಏರಿಸ್ಬೇಕೆ ಇದನ್ನ?’ ಅಂದಳು.

ಚೀಲ ಹೊಲಿದ ಕೈ ಚೀಲವನ್ನೇ ಹೊಲಿದಿತ್ತು. ಅಕ್ಕಿಕಾಳಿನಷ್ಟು ಇರಬೇಕಾದ ಹೊಲಿಗೆ ಹೆಬ್ಬೆರಳಿನಷ್ಟಿತ್ತು, ಜೊತೆಗೆ ಪ್ರತಿಯೊಂದನ್ನೂ ಬಿಗಿದು ಎಳೆದದ್ದರಿಂದ ಬಟ್ಟೆ ಸುಕ್ಕುಗಟ್ಟಿ ಮೂಟೆಯ ಬಾಯಿಯಂತೆ ಮೂತಿ ಮಾಡಿಕೊಂಡಿತ್ತು. ಬಿಚ್ಚಿದಳು. ಎರಡನೇ ಸಲ ಚಿಕ್ಕದಾಗಿ ಹೊಲಿದಳು, ಆದರೆ ಸಾಲು ಅತ್ತ ಇತ್ತ ಹೋಯಿತು. ಎತ್ತು ಉಚ್ಚೆ ಹೊಯ್ದ ಹಾಗಿದೆ ಎಂದು ಅತ್ತೆ ತೀರ್ಪು ಕೊಟ್ಟಳು. ಮತ್ತೆ ಬಿಚ್ಚಿದಳು. ಹಾಗೆ ಹೊಲಿದದ್ದಕ್ಕಿಂತ ಬಿಚ್ಚಿದ್ದೇ ಹೆಚ್ಚಾಗಿ, ಬಟ್ಟೆಗೇ ಬೇಸರ ಬಂದಿರಬೇಕು, ಒಂದು ದಿನ ಸುಮ್ಮನೆ ಹೊಲಿಸಿಕೊಳ್ಳತೊಡಗಿತು.

ಸಣ್ಣ ಹೊಲಿಗೆಗೆ ಮೈಯೆಲ್ಲ ಕಣ್ಣಾಗಬೇಕು. ಹೊಲಿಯುವಾಗ ವನಜಾಕ್ಷಿಗೆ ಮಾತಾಡಲು ಆಗುತ್ತಿರಲಿಲ್ಲ. ಇದರಿಂದ ಊರಿನಲ್ಲಿ ಗಾಬರಿಯಾಯಿತು. ತೋಟದ ದಾರಿಯಲ್ಲಿ ಧ್ವನಿ ಕೇಳಿಸದೆ ಜನ ಹುಷಾರಿಲ್ಲವೇನೋ ಎಂದು ವಿಚಾರಿಸಲು ಬಂದರು. ಒಬ್ಬಾಕೆ ಎಳನೀರು ಹಿಡಿದು ಬಂದಳು, ತೋಟವೇ ಇರುವ ಮನೆಗೆ. ಮೇಕೆಗಳು ಧೈರ್ಯವಾಗಿ ಒಳಗೆ ನುಗ್ಗಿ ಬದುವಿನ ಹುಲ್ಲು ಮುಗಿಸಿ ಕನಕಾಂಬರಕ್ಕೆ ಬಾಯಿ ಹಾಕಿದವು. ವನಜಾಕ್ಷಿ ತಲೆಯೆತ್ತಲಿಲ್ಲ.

ಹೀಗೆ ಮಧ್ಯಾಹ್ನಗಳು ಕಳೆದವು. ಸೊಸೆಯ ಸೂಜಿ ಹಿಂದೆ, ಅತ್ತೆಯ ಬೆರಳು ಮುಂದೆ. ಎಷ್ಟೋ ಸಲ ಸೂಜಿ ಬೆರಳಿಗೆ ಚುಚ್ಚಿತು. ಬೋರಮ್ಮ ಬೆರಳನ್ನು ಬಾಯಿಗಿಟ್ಟುಕೊಂಡು ಮತ್ತೆ ಅಲ್ಲೇ ತಂದಿಡುತ್ತಿದ್ದಳು. ಒಂದು ದಿನ ಸುತ್ತು ಅರ್ಧ ದಾಟಿದಾಗ, ಸಾರು ಬಿಸಿ ಐತೆ ಎನ್ನುವ ದನಿಯಲ್ಲೇ, ‘ಇದು ನನ್ನ ಕೈಗೇ ಮುಗೀತು ಅನ್ಕಂಡಿದ್ದೆ ಕಣೇ,’ ಅಂದಳು. ಬಾಯಿ ತೆರೆದರೆ ಅಳು ಬರುತ್ತದೆಂದು ವನಜಾಕ್ಷಿ ತಲೆ ಬಗ್ಗಿಸಿ ಹೊಲಿಯುತ್ತಲೇ ಹೋದಳು. ಆದರೂ ಲೆಕ್ಕಕ್ಕೆ ಅದು ಹೊಗಳಿಕೆಯಲ್ಲ. ಆ ಮಾತು ಇನ್ನೂ ಬಾಕಿಯಿತ್ತು.

ಸುತ್ತುಗಳು ಒಳಕ್ಕೆ ಬಂದು ಕೊನೆಗೆ ಹೊಟ್ಟೆಯ ಜಾಗ ಉಳಿಯಿತು. ಹೊರಗಿನಿಂದ ಬಂದ ಸಣ್ಣಪುಟ್ಟ ಸೊಟ್ಟಗಳೆಲ್ಲ ಅಲ್ಲಿ ಬಂದು ಸೇರಿ, ಚೌಕವಾಗಬೇಕಾದದ್ದು ಒಂದು ಕಡೆ ಅಗಲ ಒಂದು ಕಡೆ ಮೊಟಕಾಗಿ ಕೂತಿತ್ತು. ವನಜಾಕ್ಷಿ ಮತ್ತೆ ಬಿಚ್ಚಲು ಕತ್ತರಿ ತೆಗೆದಳು. ಬೋರಮ್ಮ ತಡೆದಳು. ಯಾರ ಹೊಟ್ಟೆ ತಾನೇ ಚೌಕವಾಗಿದೆ, ಬಿಡು ಎಂದಳು. ಬಟ್ಟೆ ಮುಚ್ಚಿ ಹೊಲಿಯುವ ಮುಂಚೆ ಒಳಗೆ ಒಂದು ಚಿಟಿಕೆ ರಾಗಿ ಹಾಕಲು ಹೇಳಿದಳು. ಅದು ಕೆಂಕೆರೆಯ ಅವಳ ತವರಿನವರ ಪದ್ಧತಿ. ಕೌದಿಯ ಹೊಟ್ಟೆ ಹಸಿದಿದ್ದರೆ ಅದರ ಮೇಲೆ ಮಲಗಿದ ಮಗು ನಿದ್ದೆ ಮಾಡುವುದಿಲ್ಲವಂತೆ. ಇಷ್ಟು ಹೇಳಿ ಬೋರಮ್ಮ ಮಲಗಲು ಹೋದಳು.

ಒಬ್ಬಳೇ ಉಳಿದ ವನಜಾಕ್ಷಿಗೆ ತಲೆ ಓಡತೊಡಗಿತು. ಅವಳ ತಲೆ ಓಡಿದಾಗಲೆಲ್ಲ ಮನೆಯಲ್ಲಿ ಏನಾದರೂ ಒಂದು ನಡೆಯುತ್ತದೆ. ರಾಗಿ ಸರಿಯೇ, ಆದರೆ ಬರೀ ರಾಗಿ ಏಕೆ? ಕೆಂಕೆರೆಯವರ ಹೊಲದಲ್ಲಿ ರಾಗಿ ಬೆಳೆದಿತ್ತು, ರಾಗಿ ಹಾಕಿದರು. ನಮ್ಮದು ಕೊಬ್ಬರಿ ಮನೆ. ಹಬ್ಬವಿರಲಿ, ಬಾಣಂತನವಿರಲಿ, ಕೊಬ್ಬರಿಯಿಲ್ಲದೆ ನಡೆಯುವ ಶುಭ ಯಾವುದಿದೆ? ಕೌದಿಗೆ ಊಟ ಹಾಕುವುದಾದರೆ ಮನೆಯ ಯೋಗ್ಯತೆಗೆ ತಕ್ಕಂತೆ ಹಾಕಬೇಕು. ಡಬ್ಬಿಯಿಂದ ಎಣ್ಣೆ ಜಿನುಗುವಂಥ ಒಳ್ಳೆಯ ಕೊಬ್ಬರಿಯ ತುಂಡು ಆರಿಸಿ, ಹೆಬ್ಬೆರಳಿನಷ್ಟು ಕತ್ತರಿಸಿ, ಹೊಟ್ಟೆಯಲ್ಲಿಟ್ಟು ನಾಲ್ಕೂ ಕಡೆ ಹೊಲಿದು ಮುಚ್ಚಿದಳು. ಆಮೇಲೆ, ಅದಲುಬದಲಿಗೆ ಮುಂಚೆ ಯಾರ ಕಣ್ಣಿಗೂ ಬೀಳಬಾರದೆಂದು, ಕೌದಿಯನ್ನು ಮಡಿಸಿ ಅಟ್ಟದ ಮೇಲೆ ಇಟ್ಟಳು.

ಅಟ್ಟದ ಮೇಲೆ. ತೆಂಗಿನ ಮನೆಯಲ್ಲಿ ಹುಟ್ಟಿ, ತೆಂಗಿನ ಮನೆಗೆ ಬಂದು, ಬದುಕೆಲ್ಲ ಇಲಿಯನ್ನು ಬೈದುಕೊಂಡು ಬಂದ ಹೆಂಗಸು ಹೀಗೆ ಮಾಡಿದಳೆಂದರೆ ಯಾರಾದರೂ ನಂಬಬೇಕಲ್ಲ. ಅಟ್ಟದ ತುಂಬ ಕಾಯಿಯಿತ್ತು, ನಿಜ. ಆದರೆ ಅದೆಲ್ಲ ಸಿಪ್ಪೆ, ಚಿಪ್ಪುಗಳೊಳಗೆ ಭದ್ರವಾಗಿತ್ತು. ಸುಲಿದು, ಒಡೆದು, ಕತ್ತರಿಸಿ, ಮೆತ್ತನೆಯ ಹಾಸಿಗೆಯಲ್ಲಿ ಬಡಿಸಿಟ್ಟಂತಿದ್ದ ಕೊಬ್ಬರಿ ಅದೊಂದೇ.

ಅದಲುಬದಲಿನ ದಿನ ಬೆಳಿಗ್ಗೆ ಕೌದಿ ಇಳಿಸಿ ಬಿಚ್ಚಿ ನೋಡಿದರೆ ಹೊಟ್ಟೆಯ ಜಾಗದಲ್ಲಿ ತೂತು. ಕೈ ತೂರುವಷ್ಟು ತೂತು. ಕೊಬ್ಬರಿಯ ಚೂರೂ ಉಳಿದಿರಲಿಲ್ಲ. ಸುತ್ತುಗಳಿಗೆ ಏನೂ ಆಗಿರಲಿಲ್ಲ, ಇಲಿಗೂ ಅಷ್ಟು ವಿವೇಕವಿತ್ತು. ವನಜಾಕ್ಷಿ ಏಣಿಯ ಬುಡದಲ್ಲೇ ಕೂತು ಅತ್ತಳು. ಜೋರಾಗಿ ಅಲ್ಲ, ಸುಮ್ಮನೆ ಕಣ್ಣಲ್ಲಿ ನೀರು ಸುರಿಸಿಕೊಂಡು ಕೂತಳು. ಗಂಗಾಧರಯ್ಯನಿಗೆ ಹೆಂಡತಿ ಬಯ್ಯುವುದು ಅಭ್ಯಾಸವಾಗಿತ್ತು, ಹೀಗೆ ಸುಮ್ಮನೆ ಅಳುವುದು ಅಭ್ಯಾಸವಿರಲಿಲ್ಲ. ಏನು ಮಾಡಬೇಕೆಂದು ತಿಳಿಯದೆ ಒಂದು ಲೋಟ ನೀರು ತಂದು ಪಕ್ಕದಲ್ಲಿಟ್ಟು ನಿಂತ.

ಅತ್ತು ಮುಗಿಸಿ ಎದ್ದವಳಿಗೆ ತೇಪೆ ಹಾಕಲು ಬಟ್ಟೆ ಬೇಕಿತ್ತು. ಹಳೆಯ ಬಟ್ಟೆಯೆಲ್ಲ ಪಟ್ಟಿಯಾಗಿ ಹರಿದು ಮುಗಿದಿತ್ತು. ಉಳಿದ ಸೀರೆ ಒಂದೊಂದಕ್ಕೂ ಊರಿನಲ್ಲಿ ಗುರುತಿತ್ತು. ಸುತ್ತ ನೋಡಿದಳು. ಹಿತ್ತಿಲ ತಂತಿಯ ಮೇಲೆ ಗಂಗಾಧರಯ್ಯ ಚಿಕ್ಕನಾಯಕನಹಳ್ಳಿಯ ದರ್ಜಿಯ ಹತ್ತಿರ ಹೊಸದಾಗಿ ಹೊಲಿಸಿಕೊಂಡು ಬಂದ, ಗಂಜಿ ಹೋಗಲೆಂದು ಒಂದು ಸಲ ನೆನೆಸಿ ಒಣಹಾಕಿದ, ಇನ್ನೂ ಮೈಗೆ ತಾಗದ ಪಟಾಪಟಿ ಚಡ್ಡಿ ಗಾಳಿಗೆ ಆಡುತ್ತಿತ್ತು. ನೀಲಿ ಮತ್ತು ಬಿಳಿಯ ಅಗಲ ಪಟ್ಟೆ. ವನಜಾಕ್ಷಿ ಕತ್ತರಿ ಹಿಡಿದು ಹೊರಟಳು. ಗಂಗಾಧರಯ್ಯ ಏನೋ ಹೇಳಲು ಹೋಗಿ, ಅವಳ ಮುಖ ನೋಡಿ ನಿಲ್ಲಿಸಿದ. ಹೊಸ ಹೊಟ್ಟೆ ಸಿದ್ಧವಾಯಿತು. ಈ ಸಲ ಒಳಗೆ ಹೋದದ್ದು ಒಂದು ಚಿಟಿಕೆ ರಾಗಿಯೇ.

ಅತ್ತೆಗೆ ಇದ್ಯಾವುದನ್ನೂ ಹೇಳಲಿಲ್ಲ. ಹೇಳದೆ ಸುಮ್ಮನೆ ಹೋಗಿಬರುವ ಆಲೋಚನೆ ಅವಳದು. ಆದರೆ ಹೊರಡುವ ಹೊತ್ತಿಗೆ ಬೋರಮ್ಮ ಸೀರೆ ಬದಲಿಸಿ, ಕೋಲು ಹಿಡಿದು ಜಗಲಿಯಲ್ಲಿ ಕೂತಿದ್ದಳು. ತಾನೂ ಬರುತ್ತೇನೆಂದಳು. ಭೀಮರಾಜುವಿನ ಆಟೋ ಕರೆಸಿದ್ದೂ ಆಗಿತ್ತು.

ಅಂಗನವಾಡಿಯಲ್ಲಿ ಜಮಖಾನದ ಮೇಲೆ ಕೌದಿಗಳನ್ನು ಸಾಲಾಗಿ ಹರಡಿ ಒಂದೊಂದಕ್ಕೂ ನಂಬರಿನ ಚೀಟಿ ಸಿಕ್ಕಿಸಿದ್ದರು. ಎಲ್ಲರೂ ಯಾರದು ಯಾವುದೆಂದು ತಿಳಿಯದವರಂತೆ ಮುಖ ಮಾಡಿಕೊಂಡಿದ್ದರು. ಹಳದಿಯದು ನಿರ್ಮಲಾಳದು, ಅವಳ ಗೃಹಪ್ರವೇಶದ ಸೀರೆ. ಅದಕ್ಕೆ ಅಂದು ಪಾಯಸ ಚೆಲ್ಲಿದ್ದ ಕಲೆ ಸಮೇತ ಬಂದಿತ್ತು. ವನಜಾಕ್ಷಿಯ ಕೌದಿಯನ್ನು ಮಾತ್ರ ಎಲ್ಲರೂ ಬಗ್ಗಿ ಬಗ್ಗಿ ನೋಡಿ, ಬಟ್ಟೆಯ ಗುರುತು ಹತ್ತದೆ ನೆಟ್ಟಗಾಗುತ್ತಿದ್ದರು. ಅವಳು ಗೋಡೆಗೊರಗಿ ಒಳಗೊಳಗೇ ಬೀಗುತ್ತಿದ್ದಳು.

ನಯನ ಬೋರಮ್ಮನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಅಜ್ಜಿ ಎಲ್ಲ ಕೌದಿಗಳನ್ನೂ ನೋಡಿ ಒಂದು ಮಾತು ಹೇಳಬೇಕೆಂದು ಕೇಳಿಕೊಂಡಳು. ಕೇಳಬಾರದಿತ್ತು. ಬೋರಮ್ಮ ಒಂದೊಂದನ್ನೇ ಮಡಿಲಿಗೆ ಹಾಕಿಸಿಕೊಂಡು ಬೆರಳೆಳೆದು ತೀರ್ಪು ಕೊಡತೊಡಗಿದಳು. ಒಂದಕ್ಕೆ ದಾರ ಉಳಿಸಿದ್ದಾರೆ ಎಂದಳು. ಒಂದಕ್ಕೆ ಇದು ನೆಲ ಒರೆಸಲು ಆದೀತು ಎಂದಳು. ನಿರ್ಮಲಾಳದಕ್ಕೆ, ಇದು ಮಿಷಿನ್ ಹೊಲಿಗೆ, ಹೊಗಳುವುದಾದರೆ ಮಿಷಿನ್ನನ್ನು ಹೊಗಳಿ ಎಂದಳು.

ಆಮೇಲೆ ಸುತ್ತಿನ ಕೌದಿ ಬಂತು. ವನಜಾಕ್ಷಿ ಗೋಡೆ ಬಿಟ್ಟು ಮುಂದಕ್ಕೆ ಬಂದಳು. ಅತ್ತೆಗೆ ಇದು ಯಾರದೆಂದು ಗೊತ್ತು, ಆದರೂ ಇಡೀ ಊರಿನ ಮುಂದೆ ಒಂದು ಮಾತು ಬಂದೀತು ಎಂದು ಅವಳು ಕಾದಳು. ಬೋರಮ್ಮ ಅಂಚಿನಲ್ಲಿ ಬೆರಳಿಟ್ಟಳು. ಬೇರೆಯವಕ್ಕೆ ಮಾಡಿದಂತೆ ಒಂದೆರಡು ಕಡೆ ಮುಟ್ಟಿ ಬಿಡಲಿಲ್ಲ. ಒಂದು ಸುತ್ತು ಪೂರ್ತಿ ಹೋಗಿ, ಒಳಕ್ಕೆ ತಿರುಗಿ, ಇನ್ನೊಂದು ಸುತ್ತು ಹೋಗಿ, ಹಾಗೇ ಎಲ್ಲ ಸುತ್ತನ್ನೂ ಬೆರಳಲ್ಲಿ ನಡೆದಳು. ಬೆರಳು ಹೊಟ್ಟೆಗೆ ಬಂತು, ನಿಂತಿತು. ಅಲ್ಲಿ ಬಟ್ಟೆ ಬಿರುಸಾಗಿತ್ತು. ಬೋರಮ್ಮ ಕೌದಿಯನ್ನು ಎತ್ತಿ, ತನ್ನ ಕಣ್ಣಿಗೆ ಕಾಣುವಷ್ಟು ದೂರಕ್ಕೆ ಎರಡೂ ಕೈ ಚಾಚಿ ಹಿಡಿದಳು.

‘ಇದು ನಮ್ಮ ಗಂಗಾಧರನ ಚಡ್ಡಿ ಅಲ್ವೇನೆ?’

ಗುಟ್ಟು ಅಲ್ಲಿಗೆ ಮುಗಿಯಿತು. ಹೆಂಗಸರು ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ನಯನ ನಗಬಾರದೆಂದು ತಿರುಗಿ ಗೋಡೆಯ ಮೇಲಿನ ಅ ಆ ಇ ಈ ಪಟವನ್ನು ಓದತೊಡಗಿದಳು. ವನಜಾಕ್ಷಿಯೂ ಎಲ್ಲರಿಗಿಂತ ಜೋರಾಗಿ ನಕ್ಕಳು, ಇಲಿಯ ಕತೆಯನ್ನು ಅಭಿನಯ ಸಮೇತ ಹೇಳಿದಳು. ನಗೆಪಾಟಲಾದದ್ದಕ್ಕೆ ಅವಳಿಗೆ ಬೇಸರವಿರಲಿಲ್ಲ, ಅದನ್ನೆಲ್ಲ ಅವಳು ಅರಗಿಸಿಕೊಳ್ಳಬಲ್ಲಳು. ಬೇಸರವಾದದ್ದು ಬೇರೆಯದಕ್ಕೆ. ಅಷ್ಟು ಸುತ್ತು ಬೆರಳಾಡಿಸಿಯೂ ಅತ್ತೆಯ ಬಾಯಿ ತೆರೆದದ್ದು ಚಡ್ಡಿಯ ಹತ್ತಿರ ಮಾತ್ರ. ಬೋರಮ್ಮ ಕೌದಿಯನ್ನು ಜಮಖಾನದ ಮೇಲೆ ಇಳಿಸಿ, ಮುಂದಿನದನ್ನು ಕೊಡಿ ಎಂದಳು.

ಚೀಟಿ ಎತ್ತುವುದು ಶುರುವಾಯಿತು. ವನಜಾಕ್ಷಿಗೆ ನಿರ್ಮಲಾಳ ಹಳದಿ ಕೌದಿ ಬಂತು. ಸುತ್ತಿನ ಕೌದಿಯ ನಂಬರು ಹಟ್ಟಿಯಿಂದ ಬಂದ ಸುನಿತಾಳಿಗೆ ಹೋಯಿತು. ಸುನಿತಾ ಚೊಚ್ಚಲ ಬಸುರಿ, ಮಗುವಿಗೆ ಹಾಸಲು ಸಿಕ್ಕಿತೆಂದು ಮುಖ ಅರಳಿಸಿಕೊಂಡು ತೆಗೆದುಕೊಳ್ಳಲು ಹೋದಳು. ಹೋದವಳು ಅಲ್ಲೇ ನಿಂತಳು. ಕುರ್ಚಿ ಖಾಲಿಯಿತ್ತು. ಬೋರಮ್ಮ ಯಾವ ಮಾಯದಲ್ಲೋ ಕೆಳಗಿಳಿದು, ಕಾಲು ಚಾಚಿ, ಸುತ್ತಿನ ಕೌದಿಯ ಮೇಲೆ ಕೂತುಬಿಟ್ಟಿದ್ದಳು.

ಸುನಿತಾ ಮೆಲ್ಲಗೆ ಚೀಟಿ ತೋರಿಸಿದಳು. ಬೋರಮ್ಮ ಬೇರೆ ಯಾವುದನ್ನಾದರೂ ತೆಗೆದುಕೋ ಮಗಳೇ ಎಂದಳು. ನಯನ ಬಂದು, ತಮ್ಮ ಮನೆಯದನ್ನು ತಾವೇ ಇಟ್ಟುಕೊಳ್ಳುವಂತಿಲ್ಲ ಎಂಬ ನಿಯಮವನ್ನು ವಿನಯದಿಂದ ಬಿಡಿಸಿ ಹೇಳಿದಳು. ಬೋರಮ್ಮ ಕೇಳಿಸಿಕೊಂಡು ಇನ್ನಷ್ಟು ಭದ್ರವಾಗಿ ಕೂತಳು.

‘ನನ್ನ ಮಗನ ಚಡ್ಡಿನ ಊರೋರ ಮನೆಗೆ ಕಳ್ಸಾಕಾಯ್ತದೇನವ್ವ?’

ನ್ಯಾಯವಾದ ಮಾತೇ. ಹೆಂಗಸರು ಮತ್ತೆ ನಗತೊಡಗಿದರು. ವನಜಾಕ್ಷಿ ಮಾತ್ರ ನಗಲಿಲ್ಲ. ಅವಳು ಅತ್ತೆಯನ್ನೇ ನೋಡುತ್ತಿದ್ದಳು. ಬೋರಮ್ಮನ ಕೈ ಕೌದಿಯ ಅಂಚನ್ನು ಹಿಡಿದುಕೊಂಡಿತ್ತು, ಮತ್ತು ಹೆಬ್ಬೆರಳು ತನ್ನಷ್ಟಕ್ಕೆ ಹೊಲಿಗೆಯ ಸಾಲಿನ ಮೇಲೆ ಹಿಂದೆ ಮುಂದೆ ಆಡುತ್ತಿತ್ತು. ವನಜಾಕ್ಷಿ ಹತ್ತಿರ ಹೋಗಿ ಎದುರಿಗೆ ಕುಕ್ಕರಗಾಲಲ್ಲಿ ಕೂತಳು.

‘ಅಷ್ಟೇ ತಾನೆ ಅತ್ತೆ? ಆ ಹೊಟ್ಟೆ ಒಂದ್ನ ಕಿತ್ತು ನಿಮ್ಗೆ ಕೊಟ್ಬುಡ್ತೀನಿ. ಬೇರೆ ಬಟ್ಟೆ ಹಾಕಿ ಮಿಕ್ಕಿದ್ದು ಸುನಿತಂಗೆ ಕೊಡಾನ. ಏಳಿ.’

ಸಿಕ್ಕಿಬಿದ್ದದ್ದು ಬೋರಮ್ಮನಿಗೂ ಗೊತ್ತಾಗಿತ್ತು. ಸೊಸೆಯ ಕಡೆ ನೋಡದೆ, ಬಾಗಿಲಿನ ಕಡೆ ನೋಡುತ್ತ ಹೇಳಿದಳು.

‘ಕತ್ರಿ ಮುಟ್ಟಿದ್ರೆ ನೋಡು.’

ನಯನ ನಿಯಮ ಕೈಬಿಟ್ಟಳು. ವನಜಾಕ್ಷಿ ತನಗೆ ಬಂದಿದ್ದ ಹಳದಿ ಕೌದಿಯನ್ನು ಸುನಿತಾಳ ಕೈಗಿಟ್ಟು, ಹೆರಿಗೆಯಾಗುವುದರೊಳಗೆ ಅವಳಿಗೊಂದು ಸುತ್ತಿನ ಕೌದಿ ಹೊಲಿದುಕೊಡುವುದಾಗಿ ಮಾತು ಕೊಟ್ಟಳು. ಎಲ್ಲರೂ ಒಂದೊಂದು ಹೊಸ ಕೌದಿ ಹಿಡಿದು ಮನೆಗೆ ಹೊರಟರು. ಅದಲುಬದಲಿಗೆ ಹೋಗಿ ತನ್ನದನ್ನೇ ವಾಪಸು ತಂದವಳು ವನಜಾಕ್ಷಿಯೊಬ್ಬಳೇ. ತಂದವಳು ಎಂದರೂ ತಪ್ಪು, ಅದನ್ನು ಮುಟ್ಟಲು ಅವಳಿಗೆ ಸಿಗಲಿಲ್ಲ. ಬೋರಮ್ಮನೇ ಸುರುಳಿ ಸುತ್ತಿ ಕಂಕುಳಲ್ಲಿಟ್ಟುಕೊಂಡು ಆಟೋ ಹತ್ತಿದಳು.

ಯುಗಾದಿ ಕಳೆದ ಬಿಸಿಲು. ಮಧ್ಯಾಹ್ನ ಇಳಿದಿದ್ದರೂ ರಸ್ತೆ ಕಾದಿತ್ತು, ಬೀಸುವ ಗಾಳಿಯೂ ಬಿಸಿ. ಭೀಮರಾಜು ಕುತ್ತಿಗೆಯ ಟವಲಿನಿಂದ ಮುಖ ಒರೆಸಿಕೊಂಡು, ಒರೆಸಿಕೊಂಡು ಆಟೋ ಓಡಿಸುತ್ತಿದ್ದ. ಊರು ದಾಟಿ ತೋಟದ ದಾರಿಗೆ ತಿರುಗಿದ ಮೇಲೆ ಬೋರಮ್ಮ ಕೌದಿಯನ್ನು ಬಿಚ್ಚಿ, ಮಂಡಿಯ ಮೇಲೆ ಹರಡಿ, ಎದೆಯವರೆಗೆ ಎಳೆದುಕೊಂಡಳು. ಹಣೆಯಿಂದ ಬೆವರು ಇಳಿಯುತ್ತಿತ್ತು.

‘ಸೆಕೆ ಅಲ್ವಾ ಅತ್ತೆ, ಕೊಡಿ ಇಲ್ಲಿ, ನಾನು ಮಡಿಚಿ ಇಟ್ಕತೀನಿ,’ ಎಂದು ವನಜಾಕ್ಷಿ ಕೈ ನೀಡಿದಳು.

‘ನಂಗೆ ಚಳಿ,’ ಅಂದಳು ಬೋರಮ್ಮ.

ಭೀಮರಾಜು ಕನ್ನಡಿಯಲ್ಲಿ ಒಮ್ಮೆ ನೋಡಿದ. ವನಜಾಕ್ಷಿಯ ಬಾಯಿಗೆ ಬಂದ ಮಾತುಗಳೆಲ್ಲ ಬಂದ ದಾರಿಯಲ್ಲೇ ಹಿಂದಕ್ಕೆ ಹೋದವು. ಅವಳು ಅತ್ತೆಯ ಪಕ್ಕಕ್ಕೆ ಸರಿದು ಕೂತು, ಕೌದಿಯ ಈಚೆ ತುದಿಯನ್ನು ಮೆಲ್ಲಗೆ ಎಳೆದು ತನ್ನ ಮಂಡಿಯ ಮೇಲೂ ಹೊದ್ದುಕೊಂಡಳು. ಮುದುಕಿ ಬೇಡ ಅನ್ನಲಿಲ್ಲ.

‘ಹೂಂ ಅತ್ತೆ,’ ಅಂದಳು ವನಜಾಕ್ಷಿ. ‘ಚಳಿನೇ.’